ಸಿಯಾಚಿನ್: ಇಲ್ಲಿ 'ಕಟ್' ಹೇಳೋ ಡೈರೆಕ್ಟರ್ ಇಲ್ಲ!

ಈ ದೃಶ್ಯ ನಿಮಗೆ ಬಾಯಿಪಾಠ. ಇಂಟರ್‌ವಲ್ ಮುಗಿದು ಹತ್ತು ನಿಮಿಷ ಆಗಿದೆ. ಕಡಲೆಕಾಯಿ ಸಿಪ್ಪೆಯ ಸದ್ದು ಇನ್ನೂ ನಿಂತಿಲ್ಲ. ಫೈಟು ಮುಗಿಸಿದ ನಾಯಕ ಒಂದು ಸಲ ಕಣ್ಣು ಮುಚ್ಚುತ್ತಾನೆ... ಬಿಡುವಷ್ಟರಲ್ಲಿ ಡ್ರೀಮ್ ಸಾಂಗು! ಎಲ್ಲಿ ನೋಡಿದರೂ ಹಾಲು ಚೆಲ್ಲಿದ ಹಾಗೆ ಹಿಮ. ನಾಯಕನಿಗೆ ಕೋಟು, ಮಫ್ಲರು, ಬೂಟು. ನಾಯಕಿಗೋ, ಒಂದು ತೆಳು ಸೀರೆ, ಅಷ್ಟೇ! ಮುಂದಿನ ಬೆಂಚಿನಿಂದ ಯಾರೋ ಒಬ್ಬ ಕೂಗಿಯೇ ಬಿಡುತ್ತಾನೆ: "ಆಯಮ್ಮಂಗೆ ಚಳಿ ಆಗಲ್ವೇನ್ರೋ?"

ಇಡೀ ಟಾಕೀಸು ಗೊಳ್ಳನೆ ನಗುತ್ತೆ. ಹಾಸ್ಯ ಚಕ್ರವರ್ತಿ ನರಸಿಂಹರಾಜು ಹುಟ್ಟಿದ ತಿಪಟೂರಿನ ಜನಕ್ಕೆ ನಗುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ. ಆದರೆ ಮಿತ್ರರೇ, ಆ ಪ್ರಶ್ನೆ ಕೇಳಿದವನು ದಡ್ಡನಲ್ಲ. ಅವನು ಕೇಳಿದ್ದು ಭೂಗೋಳದ ಪ್ರಶ್ನೆ! ಈ ವಾರ ತಾರೆಯರ ಸುದ್ದಿಯನ್ನು ಒಂದಿಷ್ಟು ಪಕ್ಕಕ್ಕಿಟ್ಟು ಅವನಿಗೆ ಉತ್ತರ ಹೇಳೋಣ ಅಂತ ಹೊರಟಿದ್ದೇವೆ. ಯಾಕೆಂದರೆ ಆ ಉತ್ತರದ ಕೊನೆಯಲ್ಲಿ ನಮ್ಮದೇ ಕನ್ನಡ ನಾಡಿನ ಮೂರು ಜನ ಗಂಡಸರಿದ್ದಾರೆ. ಅವರು ಯಾವ ಪೋಸ್ಟರಿನಲ್ಲೂ ಇರಲಿಲ್ಲ.

ಉಪ್ಪು, ಮೇಣ, ಥರ್ಮೋಕೋಲು!

ಮೊದಲು ಬೆಳ್ಳಿತೆರೆಯ ಗುಟ್ಟು. ನೀವು ನೋಡಿದ ಹಿಮವೆಲ್ಲ ಹಿಮವಲ್ಲ. ಸ್ಟುಡಿಯೋ ಒಳಗೆ ಉಪ್ಪು, ಹತ್ತಿ, ಥರ್ಮೋಕೋಲಿನ ಪುಡಿ, ಸೋಪಿನ ನೊರೆ ಎಲ್ಲವೂ ಹಿಮದ ಪಾತ್ರ ಮಾಡಿವೆ. ಹಾಲಿವುಡ್ಡಿನವರೂ ಕಮ್ಮಿಯೇನಲ್ಲ. 1965ರ 'ಡಾಕ್ಟರ್ ಜಿವಾಗೋ' ಚಿತ್ರದಲ್ಲಿ ರಷ್ಯಾ ದೇಶದ ಚಳಿಗಾಲ ನೋಡಿ ಪ್ರಪಂಚವೇ ನಡುಗಿತು. ಷೂಟಿಂಗ್ ನಡೆದದ್ದು ಹೆಚ್ಚಾಗಿ ಬಿಸಿಲಿನ ಸ್ಪೇನ್ ದೇಶದಲ್ಲಿ! ಆ ಹಿಮದ ಅರಮನೆಯನ್ನು ಕಟ್ಟಿದ್ದು ಜೇನುಮೇಣದಲ್ಲಿ!

ಹಾಗಂತ ಎಲ್ಲವೂ ಡೂಪು ಅನ್ನೋಣವೇ? ಅದೂ ತಪ್ಪು. ಚೇತನ್ ಆನಂದ್ ಅವರು 1962ರ ಯುದ್ಧದ ಕಥೆ ಇಟ್ಟುಕೊಂಡು 1964ರಲ್ಲಿ ತೆಗೆದ 'ಹಕೀಕತ್' ಚಿತ್ರಕ್ಕೆ ಲಡಾಖಿಗೇ ಕ್ಯಾಮೆರಾ ಹೊತ್ತೊಯ್ದರು. ರಾಜ್ ಕಪೂರ್ 1985ರಲ್ಲಿ 'ರಾಮ್ ತೇರಿ ಗಂಗಾ ಮೈಲಿ' ತೆಗೆದಾಗ ಗಂಗೋತ್ರಿಗೆ ಹೋಗುವ ದಾರಿಯ ಹರ್ಸಿಲ್ ಕಣಿವೆಯನ್ನು ತೋರಿಸಿದರು. ಅಲ್ಲಿಂದ ಮೇಲಕ್ಕೆ ಹೋದರೆ ಗಂಗೋತ್ರಿ ಹಿಮನದಿ. ಸುಮಾರು 30 ಕಿಲೋಮೀಟರ್ ಉದ್ದದ ಐಸು. ಅದರ ಬಾಯಿಯೇ ಗೋಮುಖ. 'ತ್ರೀ ಇಡಿಯಟ್ಸ್' (2009) ಕ್ಲೈಮಾಕ್ಸಿನ ಆ ನೀಲಿ ಸರೋವರ ಪಾಂಗಾಂಗ್ ಕೂಡ ಲಡಾಖಿನದೇ. ನಮ್ಮ ಸಾಹಸಸಿಂಹ ವಿಷ್ಣುವರ್ಧನ್ ಸೈನಿಕನಾಗಿ ನಿಂತ, ರಾಜೇಂದ್ರಸಿಂಗ್ ಬಾಬು ನಿರ್ದೇಶನದ 'ಮುತ್ತಿನ ಹಾರ' (1990) ನೋಡಿ ಅತ್ತವರು ನಿಮ್ಮಲ್ಲೂ ಇದ್ದೀರಿ.

ಆದರೆ ಒಂದು ಮಾತು. ಎಂಥಾ ಚಳಿಯಲ್ಲೇ ಷೂಟಿಂಗ್ ನಡೆಯಲಿ, ಷಾಟ್ ಮುಗಿದ ಕೂಡಲೇ ಡೈರೆಕ್ಟರು 'ಕಟ್' ಅಂತಾರೆ. ಯಾರೋ ಓಡಿ ಬಂದು ರಗ್ಗು ಹೊದಿಸ್ತಾರೆ. ಬಿಸಿ ಟೀ ಬರುತ್ತೆ. ಸಾಯಂಕಾಲ ಹೋಟೆಲ್ ರೂಮು ಇರುತ್ತೆ.

'ಕಟ್' ಅನ್ನೋರೇ ಇಲ್ಲದ ಜಾಗ ಒಂದಿದೆ. ಅದರ ಹೆಸರು ಸಿಯಾಚಿನ್.

ತಿಪಟೂರಿನಿಂದ ತುಮಕೂರಿನ ತನಕ ಬರೀ ಐಸು!

ಲೆಕ್ಕ ಕೊಟ್ಟರೆ ತಲೆಗೆ ಹತ್ತೋದಿಲ್ಲ, ಅದಕ್ಕೆ ಹೀಗೆ ಮಾಡಿ. ತಿಪಟೂರು ಬಸ್ ನಿಲ್ದಾಣದಲ್ಲಿ ತುಮಕೂರಿನ ಬಸ್ಸು ಹತ್ತಿ. ಕೆ.ಬಿ. ಕ್ರಾಸ್ ಬಂತು, ನಿಟ್ಟೂರು ಬಂತು, ಗುಬ್ಬಿ ಬಂತು, ಕೊನೆಗೆ ತುಮಕೂರು. ಎಪ್ಪತ್ತು ಕಿಲೋಮೀಟರಿನ ಮೇಲೆ ಒಂದಿಷ್ಟು. ದಾರಿಯುದ್ದಕ್ಕೂ ಎರಡೂ ಕಡೆ ತೆಂಗಿನ ತೋಟ ತಾನೇ? ಈಗ ಕಣ್ಣು ಮುಚ್ಚಿ ಆ ತೋಟ, ರಸ್ತೆ, ಕೆರೆ, ಅಂಗಡಿ ಎಲ್ಲವನ್ನೂ ಅಳಿಸಿಬಿಡಿ. ಅಲ್ಲೆಲ್ಲ ಎರಡು ಮೂರು ಕಿಲೋಮೀಟರ್ ಅಗಲಕ್ಕೆ, ನೂರಾರು ಅಡಿ ದಪ್ಪಕ್ಕೆ ಬರೀ ಐಸು ತುಂಬಿ. ಎರಡೂ ಬದಿಗೆ ಆಕಾಶ ಮುಟ್ಟುವ ಬಂಡೆಗೋಡೆ ನಿಲ್ಲಿಸಿ. ಅದೇ ಸಿಯಾಚಿನ್ ಹಿಮನದಿ! ಉದ್ದ ಸುಮಾರು 76 ಕಿಲೋಮೀಟರ್. ಉತ್ತರ, ದಕ್ಷಿಣ ಧ್ರುವದ ಕಡೆ ಬಿಟ್ಟರೆ ಇದಕ್ಕಿಂತ ಉದ್ದದ್ದು ಅಂತ ಹೇಳೋದು ತಜಿಕಿಸ್ತಾನದ ಫೆಡ್‌ಚೆಂಕೋ ಒಂದನ್ನೇ, ಅದೂ ಕೂದಲೆಳೆಯ ಅಂತರದಲ್ಲಿ.

ಎಲ್ಲಿದೆ ಇದು? ಹಿಮಾಲಯದಲ್ಲಿ ಅಂತ ನಾವೆಲ್ಲ ಸಲೀಸಾಗಿ ಹೇಳಿಬಿಡ್ತೇವೆ. ಸರಿಯಾಗಿ ಹೇಳಬೇಕಾದರೆ ಹಿಮಾಲಯದ ಆಚೆಯ ಕಾರಕೋರಂ ಶ್ರೇಣಿಯಲ್ಲಿ. ಹಿಮನದಿಯ ತಲೆ ಇಂದಿರಾ ಕೋಲ್ ಎಂಬಲ್ಲಿ, ಸಮುದ್ರಮಟ್ಟದಿಂದ 5,753 ಮೀಟರ್ ಎತ್ತರ. ಬಾಲ ಸುಮಾರು 3,620 ಮೀಟರಿನಲ್ಲಿ. ಪಶ್ಚಿಮಕ್ಕೆ ಸಾಲ್ತೋರೋ ಸಾಲು, ಅದರಲ್ಲಿ 7,742 ಮೀಟರ್ ಎತ್ತರದ ಸಾಲ್ತೋರೋ ಕಾಂಗ್ರಿ ಶಿಖರ. ಆ ಸಾಲಿನಲ್ಲಿ ಸಿಯಾ ಲಾ, ಬಿಲಾಫೋಂಡ್ ಲಾ ಎಂಬ ಕಣಿವೆದಾರಿಗಳು. 'ಲಾ' ಅಂದರೆ ಆ ಕಡೆಯ ಭಾಷೆಯಲ್ಲಿ ಕಣಿವೆದಾರಿ, ನಮ್ಮ ಚಿಕ್ಕನಾಯಕನಹಳ್ಳಿಯವರು ಮದಲಿಂಗನ ಕಣಿವೆ ಅನ್ನೋ ಹಾಗೆ. ದೊಡ್ಡ ಹೊಳೆಗೆ ಹಳ್ಳಕೊಳ್ಳ ಸೇರುವಂತೆ ಪೂರ್ವದಿಂದ ತೇರಾಂ ಶೇರ್, ಪಶ್ಚಿಮದಿಂದ ಲೋಲೋಫೋಂಡ್ ಎಂಬ ಮರಿ ಹಿಮನದಿಗಳು ಬಂದು ಸಿಯಾಚಿನ್ ಸೇರಿಕೊಳ್ಳುತ್ತವೆ.

ಹೆಸರಿನ ಅರ್ಥ ಕೇಳಿ, ಯಾವ ಗೀತರಚನೆಕಾರನೂ ಇಷ್ಟು ಚೆನ್ನಾಗಿ ಬರೆಯಲಾರ. ಬಾಲ್ಟಿ ಭಾಷೆಯಲ್ಲಿ 'ಸಿಯಾ' ಅಂದರೆ ಗುಲಾಬಿ. ಸಿಯಾಚಿನ್ ಅಂದರೆ ಕಾಡುಗುಲಾಬಿ ಹೇರಳವಾಗಿರುವ ಜಾಗ! ಹಿಮನದಿಯ ಕೆಳಗಿನ ಕಣಿವೆಯಲ್ಲಿ ನಿಜವಾಗಿಯೂ ಕಾಡುಗುಲಾಬಿ ಅರಳುತ್ತದೆ. ಮೇಲಕ್ಕೆ ಹೋದರೆ ಹುಲ್ಲುಕಡ್ಡಿಯೂ ಇಲ್ಲ.

ಲೇಹ್‌ನಿಂದ ಮುಂದೆ...

ಹೋಗೋ ದಾರಿ ಹೇಳ್ತೇವೆ, ಕೇಳಿ. ಲಡಾಖಿನ ಲೇಹ್ ಪಟ್ಟಣ. ಅಲ್ಲಿಂದ ಖರ್ದುಂಗ್ ಲಾ ಹತ್ತಿ ಇಳೀಬೇಕು. ಅಲ್ಲಿನ ಬೋರ್ಡಿನ ಮೇಲೆ 18,380 ಅಡಿ ಅಂತ ಬರೆದದ್ದನ್ನು ಬುಲೆಟ್ ಗಾಡಿಯವರೆಲ್ಲ ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡದ್ದೇ ಹೊಡೆಸಿಕೊಂಡದ್ದು. ಸರಿಯಾಗಿ ಅಳೆದರೆ ಸಿಕ್ಕಿದ್ದು 17,582 ಅಡಿ! ನಮ್ಮ ಪೋಸ್ಟರಿನವರು 'ನೂರನೇ ದಿನದತ್ತ' ಅಂತ ಹಾಕೋ ಹಾಗೆ ಅನ್ನಿ. ಕಣಿವೆದಾರಿ ಇಳಿದರೆ ಶ್ಯೋಕ್ ನದಿ, ನುಬ್ರಾ ಕಣಿವೆ. ಹುಂಡರ್ ಎಂಬಲ್ಲಿ ಮರಳುಗುಡ್ಡೆ, ಅದರ ಮೇಲೆ ಎರಡು ಡುಬ್ಬದ ಒಂಟೆ! ಪನಾಮಿಕ್‌ನಲ್ಲಿ ನೆಲದಿಂದ ಬಿಸಿನೀರಿನ ಬುಗ್ಗೆ. ಅದನ್ನೂ ದಾಟಿ ನುಬ್ರಾ ನದಿಯ ದಡದಲ್ಲೇ ಹೋದರೆ ಸೈನ್ಯದ ಬೇಸ್ ಕ್ಯಾಂಪು, ಸುಮಾರು 12,000 ಅಡಿ.

ಮರಳು, ಒಂಟೆ ಅಂದ ಮೇಲೆ ಮರುಭೂಮಿಯೇ ಅಲ್ವಾ? ಹೌದು, ಚಳಿಯ ಮರುಭೂಮಿ. ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ-ಹಿಮ ಎಲ್ಲ ಸೇರಿಸಿದರೂ ಸುಮಾರು 100 ಮಿಲಿಮೀಟರು. ಮಳೆ ಕೈಕೊಟ್ಟಿತು, ಬೋರ್‌ವೆಲ್ ಬತ್ತಿತು ಅಂತ ಗೋಳಾಡುವ ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಗೆ ಅದರ ಆರೇಳು ಪಟ್ಟು ಬೀಳುತ್ತದೆ! ಹಾಗಾದರೆ ಮೇಲೆ ಅಷ್ಟೊಂದು ಐಸು ಎಲ್ಲಿಂದ ಬಂತು?

ಇಲ್ಲಿದೆ ಟ್ವಿಸ್ಟು. ನಮಗೆ ಮಳೆ ತರುವ ನೈಋತ್ಯ ಮಾರುತ ಅಲ್ಲಿಗೆ ಮುಟ್ಟುವ ಹೊತ್ತಿಗೆ ಹಿಮಾಲಯದ ಗೋಡೆಗೆ ಡಿಕ್ಕಿ ಹೊಡೆದು ಸುಸ್ತಾಗಿರುತ್ತದೆ. ಕಾರಕೋರಮ್ಮಿಗೆ ಹಿಮ ತರುವುದು ಹೆಚ್ಚಾಗಿ ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮೋಡಗಳು. ಕಣಿವೆಯ ತಳದಲ್ಲಿ ಆ ಮೋಡ ಏನೂ ಸುರಿಸೋದಿಲ್ಲ. ಆದರೆ ಆರೇಳು ಸಾವಿರ ಮೀಟರ್ ಎತ್ತರದ ಬೆಟ್ಟಕ್ಕೆ ಏರಿದಾಗ ಹಿಂಡಿದ ಬಟ್ಟೆಯ ಹಾಗೆ ಇದ್ದದ್ದೆಲ್ಲ ಸುರಿದುಬಿಡುತ್ತದೆ. ಸಿಯಾಚಿನ್ ಮೇಲೆ ಒಂದು ಚಳಿಗಾಲಕ್ಕೆ ಬೀಳುವ ಹಿಮ ಸರಾಸರಿ 1,000 ಸೆಂಟಿಮೀಟರಿನ ಮೇಲೆ. ಅಂದರೆ 33 ಅಡಿಗೂ ಹೆಚ್ಚು. ನಿಮ್ಮ ತೋಟದ ಫಲಕ್ಕೆ ಬಂದ ತೆಂಗಿನ ಮರಕ್ಕೆ ಅರ್ಧ ಮುಚ್ಚುವಷ್ಟು!

ಎಣ್ಣೆ ಬಾಟಲಿಯ ಭೂಗೋಳ

ಧನುರ್ಮಾಸದ ಬೆಳಿಗ್ಗೆ ತಲೆಗೆ ಹಚ್ಚೋಣ ಅಂತ ಕೊಬ್ಬರಿ ಎಣ್ಣೆ ಬಾಟಲಿ ಬಗ್ಗಿಸಿದರೆ ಎಣ್ಣೆ ಬೀಳೋದಿಲ್ಲ, ಗಟ್ಟಿಯಾಗಿರುತ್ತೆ. ಅಮ್ಮ ಅದನ್ನು ಒಲೆ ಪಕ್ಕ ಇಡ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ನೀರು ಹೆಪ್ಪುಗಟ್ಟೋದು ಸೊನ್ನೆಯಲ್ಲಿ. ಕಲ್ಪತರು ನಾಡಿನ ನಮಗೆ ಚಳಿ ಅಂದರೆ ಎಣ್ಣೆ ಗಟ್ಟಿಯಾಗೋದು. ಸಿಯಾಚಿನ್ನಿನ ಕಾವಲು ಠಾಣೆಗಳಲ್ಲಿ ಸೊನ್ನೆಗಿಂತ ಕೆಳಗೆ 50 ಡಿಗ್ರಿಯ ತನಕ ಇಳಿದದ್ದುಂಟು. ಜವಾನರು ಮೊಟ್ಟೆಯನ್ನು ಸುತ್ತಿಗೆಯಿಂದ ಕುಟ್ಟಿದರೂ ಒಡೆಯದೇ ಇರುವ ವಿಡಿಯೋ 2019ರಲ್ಲಿ ದೇಶವೆಲ್ಲ ಓಡಾಡಿತು. ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ.

ಯಾಕೆ ಅಷ್ಟು ಚಳಿ? ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತೆ, ಇದೇ ಸೂತ್ರ. ತಿಪಟೂರು ಇರೋದು ಸುಮಾರು 860 ಮೀಟರ್ ಎತ್ತರದಲ್ಲಿ. ಅಲ್ಲಿನ ಎತ್ತರದ ಠಾಣೆಗಳು ಆರು ಸಾವಿರ ಮೀಟರಿನ ಆಸುಪಾಸಿನಲ್ಲಿ. ಅಂತರ 5,100 ಮೀಟರು ಅಂದರೆ 33 ಡಿಗ್ರಿ ಇಳಿತ. ನಮ್ಮಲ್ಲಿ ಫೆಬ್ರವರಿಯ ರಾತ್ರಿ 16 ಇದ್ದರೆ, ಎತ್ತರ ಒಂದರಿಂದಲೇ ಅದು ಮೈನಸ್ 17 ಆಯಿತು. ಇನ್ನು ನಾವಿರೋದು 13ನೇ ಅಕ್ಷಾಂಶದಲ್ಲಿ, ಸಿಯಾಚಿನ್ 35ರಲ್ಲಿ. ಚಳಿಗಾಲದಲ್ಲಿ ಸೂರ್ಯ ಅಲ್ಲಿಗೆ ಓರೆಯಾಗಿ, ಅವಸರದಲ್ಲಿ ಬಂದು ಹೋಗುವ ಗೆಸ್ಟ್ ಆರ್ಟಿಸ್ಟು! ಅದರ ಮೇಲೆ ಗಾಳಿ. ಎಲ್ಲ ಸೇರಿ ಮೈನಸ್ 40, 50. ನಮ್ಮ ಮುಳ್ಳಯ್ಯನಗಿರಿ ಕರ್ನಾಟಕಕ್ಕೆಲ್ಲ ಎತ್ತರದ್ದಾದರೂ 1,930 ಮೀಟರೇ. ಅದಕ್ಕೇ ನಮ್ಮಲ್ಲಿ ಹಿಮ ಬೀಳೋದಿಲ್ಲ, ಗಾಂಧಿನಗರದವರು ಉತ್ತರಕ್ಕೆ ಓಡೋದು ತಪ್ಪೋದಿಲ್ಲ.

ಇಲ್ಲಿ ನಮ್ಮೂರ ಪರವಾಗಿ ಒಂದು ಮಾತು ಹೇಳಲೇಬೇಕು. ಎತ್ತರದಲ್ಲಿ ನಾವು ಸೋತರೂ ವಯಸ್ಸಿನಲ್ಲಿ ಗೆದ್ದಿದ್ದೇವೆ! ಭಾರತದ ನೆಲ ಹೋಗಿ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳೋಕೆ ಶುರುವಾಗಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಚಿಕ್ಕನಾಯಕನಹಳ್ಳಿ ಸಾಲಿನ ಕಬ್ಬಿಣ, ಮ್ಯಾಂಗನೀಸಿನ ಬೆಟ್ಟದ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಹಿಮಾಲಯ ಇನ್ನೂ ಮೀಸೆ ಚಿಗುರುತ್ತಿರುವ ಹುಡುಗ, ಅದಕ್ಕೇ ಅಷ್ಟು ಎಗರಾಟ. ನಮ್ಮ ಬೆಟ್ಟಗಳು ಸವೆದು ಸವೆದು ಕೂತ ಅಜ್ಜಂದಿರು.

ಅಟ್ಟದ ಮೇಲಿನ ಕಾಯಿ, ಬೆಟ್ಟದ ಮೇಲಿನ ಹಿಮ

ಬಿದ್ದ ಹಿಮ ಐಸ್ ಆಗೋದು ಹೇಗೆ? ಕೊಬ್ಬರಿ ಮಾಡೋ ಮನೆಯ ಹುಡುಗರಿಗೆ ಇದು ಬಲು ಸುಲಭ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು, ಹನ್ನೆರಡು ತಿಂಗಳು ಬಿಡ್ತೀರಿ. ಒಳಗಿನ ನೀರು ತಾನಾಗೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಯಾರೂ ಅವಸರ ಮಾಡೋ ಹಾಗಿಲ್ಲ. ಹಿಮದ್ದೂ ಅದೇ ಕಥೆ. ಈ ವರ್ಷದ ಹಿಮದ ಮೇಲೆ ಮುಂದಿನ ವರ್ಷದ ಹಿಮ, ಅದರ ಮೇಲೆ ಆಚೆ ವರ್ಷದ್ದು. ಬೇಸಿಗೆಯಲ್ಲೂ ಪೂರ್ತಿ ಕರಗೋದಿಲ್ಲ. ಮೇಲಿನ ಭಾರಕ್ಕೆ ಕೆಳಗಿನ ಹಿಮದ ಗಾಳಿಯೆಲ್ಲ ಹಿಂಡಿ ಹೋಗಿ, ಹತ್ತಾರು ವರ್ಷದಲ್ಲಿ ಕಲ್ಲಿನಂಥ ನೀಲಿ ಐಸು.

ಆ ಐಸು ಸುಮ್ಮನೆ ಕೂತಿರೋದಿಲ್ಲ, ಹರಿಯುತ್ತೆ! ಅದಕ್ಕೇ ನಮ್ಮ ಹಿರಿಯರು ಹಿಮಬಂಡೆ ಅನ್ನದೆ 'ಹಿಮನದಿ' ಅಂತ ಹೆಸರಿಟ್ಟರು. ತನ್ನ ಭಾರಕ್ಕೆ ತಾನೇ ಬಗ್ಗಿ, ಇಳಿಜಾರಿನಲ್ಲಿ ದಿನಕ್ಕೆ ಅಂಗುಲಗಳ ಲೆಕ್ಕದಲ್ಲಿ ಜರುಗುತ್ತದೆ. ಜರುಗುವಾಗ ಬೆಟ್ಟದ ಬದಿಯನ್ನು ಉಜ್ಜಿ ಕಲ್ಲುಮಣ್ಣು ಹೊತ್ತು ತರುತ್ತದೆ. ವಿಮಾನದಿಂದ ನೋಡಿದರೆ ಬಿಳಿ ರಸ್ತೆಯ ಮೇಲೆ ಕರಿ ಪಟ್ಟೆಗಳ ಹಾಗೆ ಕಾಣೋದು ಅದೇ ಕಲ್ಲಿನ ಸಾಲು. ಕೆಳಗೆ ಬಾಲದಲ್ಲಿ ಕರಗಿ ನುಬ್ರಾ ನದಿಯಾಗುತ್ತದೆ. ನುಬ್ರಾ ಹೋಗಿ ಶ್ಯೋಕ್ ಸೇರುತ್ತೆ, ಶ್ಯೋಕ್ ಹೋಗಿ ಸಿಂಧೂ ಸೇರುತ್ತೆ. ಕೆಳಗಿನ ಊರುಗಳ ಗದ್ದೆಗೆ ಮೇಲಿನ ಐಸೇ ಕೆರೆ.

ನೆಲದ ಮೇಲೆ ಉಬ್ಬು ತಗ್ಗು ಬಂದಾಗ ಬಗ್ಗಲಾರದ ಐಸು ಸೀಳುತ್ತದೆ. ಹಾಗೆ ಬಿದ್ದ ಬಿರುಕುಗಳು ನಮ್ಮ ತೋಟದ ಹಳೇ ಬಾವಿಗಿಂತ ಎಷ್ಟೋ ಆಳ. ಬಾವಿಯಾದರೆ ಕಾಣುತ್ತೆ. ಈ ಬಿರುಕಿನ ಬಾಯಿಗೆ ಹೊಸ ಹಿಮ ತೆಳ್ಳಗೆ ಮುಚ್ಚಳ ಹಾಕಿರುತ್ತೆ! ಕಾಲಿಟ್ಟರೆ ಮುಗೀತು. ಅದಕ್ಕೇ ಜವಾನರು ಒಬ್ಬರ ಸೊಂಟಕ್ಕೊಬ್ಬರು ಒಂದೇ ಹಗ್ಗ ಕಟ್ಟಿಕೊಂಡು ಸಾಲಾಗಿ ನಡೀತಾರೆ. ಒಬ್ಬ ಬಿದ್ದರೆ ಉಳಿದವರು ಹಿಡೀಬೇಕು. ಅಲ್ಲಿ ಹೀರೋ ಒಬ್ಬನೇ ಮುಂದೆ ಓಡೋದಿಲ್ಲ, ಹಗ್ಗದಲ್ಲಿರೋರೆಲ್ಲ ಹೀರೋಗಳೇ.

ಇನ್ನು ಗಾಳಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಸಮುದ್ರ ತೀರದ ಅರ್ಧಕ್ಕಿಂತಲೂ ಒಂದಿಷ್ಟು ಕಮ್ಮಿ. ಒಂದು ಉಸಿರಿಗೆ ಅರ್ಧ ಉಸಿರು ಸಿಕ್ಕ ಹಾಗೆ. ಹಸಿವು ಸಾಯುತ್ತೆ, ನಿದ್ದೆ ಬರೋದಿಲ್ಲ, ಅವಸರದಲ್ಲಿ ಮೇಲೆ ಹೋದವನಿಗೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬುತ್ತೆ. ಹಿಮಗಡಿತಕ್ಕೆ ಸಿಕ್ಕಿದ ಬೆರಳು ಕರ್ರಗಾಗಿ ಕತ್ತರಿಸೋದೇ ಗತಿ. ಆದ್ದರಿಂದ ಬೇಸ್ ಕ್ಯಾಂಪಿನಲ್ಲಿ ವಾರಗಟ್ಟಲೆ ತರಬೇತಿ ಕೊಟ್ಟು, ಮೈಯನ್ನು ಒಗ್ಗಿಸಿ, ಹಂತಹಂತವಾಗಿ ಮೇಲಕ್ಕೆ ಕಳಿಸ್ತಾರೆ. ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಔಷಧಿ, ಮನೆಯ ಕಾಗದ ತಲುಪಿಸೋದು ಚೀತಾ ಹೆಲಿಕಾಪ್ಟರು. ಫ್ರಾನ್ಸ್ ದೇಶದ ವಿನ್ಯಾಸ, ಆದರೆ ತಯಾರಾದದ್ದು ನಮ್ಮ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ!

ಒಂದು ಫಲಕ, ಒಂದು ಕಾವ್ಯದ ಹೆಸರು

ಈ ಹಿಮನದಿಯ ಬಾಲವನ್ನು 1848ರಲ್ಲಿ ಹೆನ್ರಿ ಸ್ಟ್ರೇಚಿ ನೋಡಿದ್ದ. ಎಷ್ಟು ದೊಡ್ಡದು ಅಂತ ಗೊತ್ತಾದದ್ದು 1909ರಲ್ಲಿ, ಟಾಮ್ ಲಾಂಗ್‌ಸ್ಟಾಫ್ ಹೋದಾಗ. 1912ರಲ್ಲಿ ಫ್ಯಾನಿ ಬುಲಕ್ ವರ್ಕ್‌ಮನ್ ಎಂಬ ಅಮೆರಿಕದ ಹೆಂಗಸು ಉದ್ದ ಲಂಗ ಹಾಕಿಕೊಂಡೇ ಇಲ್ಲಿಗೆ ಬಂದು, ಹಿಮದ ನಡುವೆ 'ಹೆಂಗಸರಿಗೆ ಓಟು ಕೊಡಿ' ಎಂಬ ಫಲಕ ಹಿಡಿದು ಫೋಟೋ ತೆಗೆಸಿಕೊಂಡಳು. ನಮ್ಮ ನಾಯಕಿಯರ ತೆಳು ಸೀರೆಗೆ ಆಕೆಯೇ ಅಕ್ಕ ಅನ್ನಬೇಕು!

ಆಮೇಲೆ ಬಹಳ ಕಾಲ ಅಲ್ಲಿಗೆ ಯಾರಿಗೂ ಕೆಲಸವಿರಲಿಲ್ಲ. ಗಡಿಯ ಕಾಗದಗಳೂ ಎನ್.ಜೆ.9842 ಎಂಬ ಬಿಂದುವಿನಲ್ಲಿ ನಿಂತು, ಅಲ್ಲಿಂದ ಮುಂದೆ 'ಉತ್ತರಕ್ಕೆ ಹಿಮನದಿಗಳ ಕಡೆಗೆ' ಎಂದು ಹೇಳಿ ಕೈಬಿಟ್ಟಿದ್ದವು. 1978ರಲ್ಲಿ 'ಬುಲ್' ಕುಮಾರ್ ಎಂದೇ ಹೆಸರಾದ ಕರ್ನಲ್ ನರೇಂದ್ರ ಕುಮಾರ್ ತಂಡ ಕಟ್ಟಿಕೊಂಡು ಹೋಗಿ ಬಂದರು. 1984ರ ಏಪ್ರಿಲ್ 13ರಂದು ಭಾರತದ ಸೈನ್ಯ ಸಾಲ್ತೋರೋ ಸಾಲಿನ ಕಣಿವೆದಾರಿಗಳನ್ನು ಹಿಡಿಯಿತು. ಕಾರ್ಯಾಚರಣೆಗೆ ಇಟ್ಟ ಹೆಸರು ಕಾಳಿದಾಸನ ಕಾವ್ಯದ್ದು, 'ಮೇಘದೂತ'! 2003ರ ನವೆಂಬರಿನಲ್ಲಿ ಕದನವಿರಾಮ ಬಂದು ಗುಂಡಿನ ಸದ್ದು ನಿಂತಿತು. ಹಿಮದ ಸದ್ದು ನಿಲ್ಲಲಿಲ್ಲ. ಅಲ್ಲಿ ಸತ್ತವರಲ್ಲಿ ಗುಂಡಿಗೆ ಸತ್ತವರಿಗಿಂತ ಚಳಿಗೆ, ಎತ್ತರಕ್ಕೆ, ಹಿಮಕುಸಿತಕ್ಕೆ ಸತ್ತವರೇ ಹೆಚ್ಚು. ಎರಡೂ ದೇಶದ ಲೆಕ್ಕ ಇದೇ. 2012ರ ಏಪ್ರಿಲ್ 7ರಂದು ಆಚೆ ಬದಿಯ ಗಯಾರಿಯಲ್ಲಿ ಪಾಕಿಸ್ತಾನದ ಶಿಬಿರದ ಮೇಲೆ ಹಿಮ ಕುಸಿದು 140 ಜನ ಒಂದೇ ಸಲಕ್ಕೆ ಹೋದರು. ಹಿಮಕ್ಕೆ ಸಮವಸ್ತ್ರದ ಬಣ್ಣ ಗೊತ್ತಿಲ್ಲ.

ಹಿಮಪಾತ: ಸಿನಿಮಾ ಅಲ್ಲ

'ಹಿಮಪಾತ' ಅಂದ ಕೂಡಲೇ ನಿಮಗೆ 1995ರ ವಿಷ್ಣುವರ್ಧನ್ ಚಿತ್ರ ನೆನಪಾಗುತ್ತೆ. ನಿಜವಾದ ಹಿಮಪಾತದ ಮೂಲ ಇಷ್ಟೇ. ಇಳಿಜಾರಿನಲ್ಲಿ ಪದರ ಪದರವಾಗಿ ಹಿಮ ಕೂತಿರುತ್ತೆ. ನಡುವೆ ಒಂದು ಪದರ ಸಡಿಲವಾದರೆ ಮೇಲಿನದ್ದೆಲ್ಲ ಒಮ್ಮೆಲೇ ಜಾರುತ್ತೆ. ಓಡೋಕೆ ಸಮಯ ಇರೋದಿಲ್ಲ. ಹಿಮದಡಿ ಹೂತವನನ್ನು ಕಾಲು ಗಂಟೆ, ಅರ್ಧ ಗಂಟೆಯೊಳಗೆ ತೆಗೆಯದಿದ್ದರೆ ಬದುಕೋದು ಕಷ್ಟ ಅಂತ ಬಲ್ಲವರು ಹೇಳ್ತಾರೆ.

2016ರ ಫೆಬ್ರವರಿ 3. ಸಿಯಾಚಿನ್ನಿನ ಸೋನಂ ಠಾಣೆ, 19,600 ಅಡಿ ಎತ್ತರ. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ತುಕಡಿ ಅಲ್ಲಿತ್ತು. ಹತ್ತು ಜನ. ಹಿಮದ ಗೋಡೆ ಕುಸಿದು ಠಾಣೆಯ ಮೇಲೆ ಬಿತ್ತು. ಹತ್ತೂ ಜನ ಒಳಗೆ ಹೂತುಹೋದರು. ಅವರಲ್ಲಿ ಮೂವರು ನಮ್ಮ ಕರ್ನಾಟಕದವರು. ಸುಬೇದಾರ್ ನಾಗೇಶ್, ಹಾಸನದ ತೇಜೂರಿನವರು. ತಿಪಟೂರಿನವರಿಗೆ ಅರಸೀಕೆರೆ ದಾಟಿದರೆ ಹಾಸನ, ಪಕ್ಕದ ಸೀಮೆಯವರೇ ಅನ್ನಿ. ಸಿಪಾಯಿ ಮಹೇಶ್, ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯವರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು, ವಯಸ್ಸು 33.

ಯಾರೂ ಉಳಿದಿರಲಾರರು ಅಂತಲೇ ಎಲ್ಲರೂ ಅಂದುಕೊಂಡರು. ಆದರೂ ಹುಡುಕೋದು ನಿಲ್ಲಿಸಲಿಲ್ಲ. 150ಕ್ಕೂ ಹೆಚ್ಚು ಜವಾನರು ಆ ಚಳಿಯಲ್ಲಿ ಹಗಲು ರಾತ್ರಿ ಐಸು ಕೊರೆದರು. ಮೂಸಿ ಹುಡುಕುವ ನಾಯಿಗಳು ಬಂದವು, ರಡಾರ್ ಯಂತ್ರ ಬಂತು. ಕಲ್ಲಿನಂಥ ಐಸನ್ನು ಗರಗಸದಿಂದ ಕೊಯ್ದು ಕೊಯ್ದು ಕೆಳಗಿಳಿದರು. ಫೆಬ್ರವರಿ 8ರ ರಾತ್ರಿ, 25ರಿಂದ 35 ಅಡಿ ಆಳದಲ್ಲಿ ಒಬ್ಬ ಮನುಷ್ಯ ಸಿಕ್ಕಿದ. ನಾಡಿ ನೋಡಿದರು. ಹೊಡೆದುಕೊಳ್ಳುತ್ತಿತ್ತು! ಆರನೇ ದಿನ!

ಆತನೇ ಹನುಮಂತಪ್ಪ. ಡೇರೆಯ ಒಳಗೆ ಒಂದಿಷ್ಟು ಗಾಳಿ ಸಿಕ್ಕಿಹಾಕಿಕೊಂಡಿದ್ದೇ ಉಸಿರು ಉಳಿಯೋಕೆ ಕಾರಣ ಅಂದರು. ಹೆಲಿಕಾಪ್ಟರ್, ವಿಮಾನ ಹತ್ತಿಸಿ 9ರಂದು ದಿಲ್ಲಿಯ ಸೈನಿಕ ಆಸ್ಪತ್ರೆಗೆ ತಂದರು.

ಆ ಎರಡು ದಿನ ನೆನಪಿದೆಯಾ ನಿಮಗೆ? ಕರ್ನಾಟಕದ ಊರೂರಲ್ಲಿ ಪೂಜೆ, ಪ್ರಾರ್ಥನೆ, ದುವಾ. ಟೀ ಅಂಗಡಿಯಲ್ಲಿ ಟೀವಿ ಮುಂದೆ ಜನ. ಸಿನಿಮಾ ನೋಡಿ ಬೆಳೆದವರು ನಾವು. ಆಸ್ಪತ್ರೆಯ ದೃಶ್ಯ ಅಂದರೆ ಕೊನೆಗೆ ಏನಾಗುತ್ತೆ ಅಂತ ನಮಗೆ ಗೊತ್ತು. ತಾಯಿ ದೇವರ ಮುಂದೆ ಗಂಟೆ ಬಾರಿಸ್ತಾಳೆ, ದೀಪ ಅಲ್ಲಾಡುತ್ತೆ, ನಾಯಕನ ಬೆರಳು ಅಲುಗುತ್ತೆ. ಇಡೀ ನಾಡು ಆ ಬೆರಳು ಅಲುಗೋದನ್ನೇ ಕಾಯುತ್ತಿತ್ತು.

ಬೆರಳು ಅಲುಗಲಿಲ್ಲ. ಶ್ವಾಸಕೋಶಕ್ಕೆ ನ್ಯುಮೋನಿಯಾ ಹಿಡಿದಿತ್ತು, ಮೂತ್ರಪಿಂಡ, ಪಿತ್ತಜನಕಾಂಗ ಕೆಲಸ ನಿಲ್ಲಿಸಿದ್ದವು. ಫೆಬ್ರವರಿ 11ರ ಬೆಳಿಗ್ಗೆ ಹನುಮಂತಪ್ಪ ಹೋದರು. ಮಾರನೇ ದಿನ ಬೆಟದೂರಿನ ಮಣ್ಣಿನಲ್ಲಿ ಅಂತ್ಯಕ್ರಿಯೆ. ಯಾವ ಸೂಪರ್‌ಸ್ಟಾರ್ ಬಂದರೂ ಸೇರದಷ್ಟು ಜನ ಆ ಪುಟ್ಟ ಊರಿಗೆ ಬಂದರು. ನಾಗೇಶ್, ಮಹೇಶ್ ಅವರೂ ಸೇರಿ ಉಳಿದ ಒಂಬತ್ತು ಜನರ ದೇಹಗಳೂ ಐಸಿನಿಂದ ಹೊರಬಂದು ಅವರವರ ಊರು ಸೇರಿದವು.

ಹೊರಬಂದವು ಅಂತ ಒತ್ತಿ ಹೇಳೋಕೆ ಕಾರಣವಿದೆ. ಹಿಮನದಿ ಎಲ್ಲರನ್ನೂ ಅಷ್ಟು ಬೇಗ ಹಿಂದಕ್ಕೆ ಕೊಡೋದಿಲ್ಲ. ಉತ್ತರಾಖಂಡದ ಲ್ಯಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ 1984ರ ಮೇ ತಿಂಗಳಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕರು. ಅವರ ದೇಹ ಸಿಕ್ಕಿದ್ದು 2022ರ ಆಗಸ್ಟಿನಲ್ಲಿ! ಗುರುತು ಹಿಡಿದದ್ದು ಸೈನ್ಯದ ನಂಬರ್ ಕೆತ್ತಿದ ಬಿಲ್ಲೆಯಿಂದ. ಮನೆಯಲ್ಲಿ ಹೆಂಡತಿ ಕಾದದ್ದು 38 ವರ್ಷ. ಯಾವ ಕಥೆಗಾರ ಇದನ್ನು ಬರೆದು ತಂದರೂ ನಿರ್ಮಾಪಕರು 'ನಂಬೋ ಹಾಗಿಲ್ಲ' ಅಂತ ವಾಪಸ್ ಕಳಿಸ್ತಿದ್ದರು.

ಕೊನೆಯ ಮಾತು

ಮಿತ್ರರೇ, ನಿಮ್ಮಲ್ಲಿ ಕೆಲವರು ಬೆಳಿಗ್ಗೆ ಐದಕ್ಕೆ ಎದ್ದು ಕಾಲೇಜು ಮೈದಾನದಲ್ಲಿ ಓಡ್ತೀರಿ, ಸೈನ್ಯದ ಭರ್ತಿಗೆ ತಯಾರಾಗ್ತಿದ್ದೀರಿ ಅಂತ ನಮಗೆ ಗೊತ್ತು. ಇನ್ನು ಕೆಲವರು ನಾಲ್ಕು ದುಡ್ಡು ಕೂಡಿದರೆ ಬೈಕಿನಲ್ಲಿ ಲಡಾಖಿಗೆ ಹೋಗೋ ಕನಸು ಕಾಣ್ತಿದ್ದೀರಿ. ಎರಡೂ ಒಳ್ಳೆಯ ಕನಸೇ. ಬೇಡ ಅನ್ನೋಕೆ ನಾವ್ಯಾರು? ಹೋಗಿ. ಆದರೆ ಆ ಬೆಟ್ಟಕ್ಕೆ ಅವಸರ ಆಗೋದಿಲ್ಲ ಅನ್ನೋದನ್ನು ತಿಳ್ಕೊಂಡು ಹೋಗಿ. ಲೇಹ್‌ನಲ್ಲಿ ಇಳಿದ ದಿನವೇ ಮೇಲಕ್ಕೆ ಗಾಡಿ ಓಡಿಸೋ ಶೂರತನ ಬೇಡ. ಒಂದೆರಡು ದಿನ ಸುಮ್ಮನೆ ಕೂತು ಮೈ ಒಗ್ಗಲಿ. ತಲೆನೋವು, ವಾಂತಿ, ಉಸಿರಿನ ಕಷ್ಟ ಕಂಡರೆ ಫೋಟೋ ಆಸೆ ಬಿಟ್ಟು ಕೆಳಗಿಳೀರಿ. ಅಟ್ಟದ ಮೇಲಿನ ಕಾಯಿಗೆ ಹನ್ನೆರಡು ತಿಂಗಳು ಕಾಯೋ ನಾಡಿನವರಿಗೆ ತಾಳ್ಮೆ ಹೇಳಿಕೊಡಬೇಕೇ?

ಇನ್ನು ಆ ಮುಂದಿನ ಬೆಂಚಿನವನ ಪ್ರಶ್ನೆ. "ಆಯಮ್ಮಂಗೆ ಚಳಿ ಆಗಲ್ವೇನ್ರೋ?" ಆಗುತ್ತಪ್ಪಾ, ಆಗುತ್ತೆ. ಆದರೆ ಆಯಮ್ಮನಿಗೆ 'ಕಟ್' ಅನ್ನೋರಿದ್ದಾರೆ, ರಗ್ಗು ತರೋರಿದ್ದಾರೆ. ಮುಂದಿನ ಸಲ ತೆರೆ ಮೇಲೆ ಹಿಮ ಬಿದ್ದಾಗ ಸೀಟಿ ಹೊಡೀರಿ, ಚಿಲ್ಲರೆ ಎಸೀರಿ, ಬೇಡ ಅನ್ನೋದಿಲ್ಲ. ಹಾಡು ಮುಗಿದ ಮೇಲೆ ಒಂದು ಗಳಿಗೆ ತೇಜೂರು, ಎಚ್.ಡಿ. ಕೋಟೆ, ಬೆಟದೂರು ಅನ್ನೋ ಮೂರು ಊರಿನ ಹೆಸರು ನೆನಪು ಮಾಡ್ಕೊಳ್ಳಿ. ನೀವು ಬಸ್ಸಿಗೆ ಕಾಯುತ್ತಾ ಇದನ್ನು ಓದುವ ಈ ಹೊತ್ತಿನಲ್ಲೂ ಅಲ್ಲಿ ಯಾರೋ ಒಬ್ಬ ಹಗ್ಗ ಕಟ್ಟಿಕೊಂಡು ನಡೀತಿದ್ದಾನೆ.